ಮಾತ್ರೆ ತಿನ್ನುವವರ ಕೈಗೆ ಗ್ಲಾಸ್ ಕೊಡಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬರುತ್ತಿದೆ. ಅದರ ಹಿಂದೆಯೇ ಮದುವೆಗಳು ಸಾಲಾಗಿ ಬರುತ್ತವೆ. ಅದಕ್ಕೇ ಖಿನ್ನತೆಯ ಮಾತ್ರೆ ಮತ್ತು ಕುಡಿತದ ಬಗ್ಗೆ ಈಗಲೇ ಬರೆಯುತ್ತಿದ್ದೇನೆ. ನನ್ನ ಯಜಮಾನರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ಅವರು ಸೇನೆಯಿಂದ ನಿವೃತ್ತರಾದವರು. ಕ್ಯಾಂಟೀನ್ ರಮ್ ನಮ್ಮ ಮನೆಗೆ ಹೊಸದಲ್ಲ. ಸಂಜೆ ಎರಡು ಪೆಗ್, ಊಟ, ನಿದ್ದೆ. ಅದನ್ನು ಯಾರೂ ಕುಡಿತ ಅನ್ನುತ್ತಿರಲಿಲ್ಲ, ನಾನೂ ಅನ್ನುತ್ತಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ನಮ್ಮ ಕಾಫಿ ತೋಟದ ಒಂದು ಭಾಗ ಹೊಳೆಗೆ ಹೋಯಿತು. ಆಮೇಲೆ ಅವರು ಮೊದಲಿನ ಹಾಗೆ ಇರಲಿಲ್ಲ. ಮಳೆ ಶುರುವಾದರೆ ಜಗಲಿಯಲ್ಲಿ ಕೂತು ಗುಡ್ಡವನ್ನೇ ನೋಡುತ್ತಿದ್ದರು. ಎರಡು ಪೆಗ್ ನಾಲ್ಕಾಯಿತು. ಕುಡಿದರೆ ಬೇಗ ನಿದ್ದೆ ಹತ್ತುತ್ತಿತ್ತು, ನಿಜ. ಆದರೆ ಬೆಳಗಿನ ಜಾವ ಮೂರಕ್ಕೆ ಎಚ್ಚರ. ಅಡುಗೆಮನೆಯ ಲೈಟ್ ಹಾಕಿ, ಒಲೆ ಪಕ್ಕ ಸುಮ್ನೆ ಕೂರುತ್ತಿದ್ದರು.

ಆಸ್ಪತ್ರೆಗೆ ಹೋಗಲು ನಾವು ವರ್ಷಗಟ್ಟಲೆ ತಡ ಮಾಡಿದೆವು. ಕೊನೆಗೆ ಹೋದಾಗ ಖಿನ್ನತೆ ಅಂದರು. ಬೆಳಗ್ಗೆಗೆ ಖಿನ್ನತೆಯ ಮಾತ್ರೆ ಎಸ್ಸಿಟಲೊಪ್ರಾಮ್, ರಾತ್ರಿಗೆ ಮನಸ್ಸು ಶಾಂತವಾಗಿ ನಿದ್ದೆ ಬರಲು ಕ್ಲೋನಜೆಪಾಮ್. ಕುಡಿಯುತ್ತೀರಾ ಅಂತ ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ಮೆಡಿಕಲ್‌ನಲ್ಲಿ ಚೀಟಿ ನೋಡಿ ಮಾತ್ರೆ ಕತ್ತರಿಸಿ ಕೊಟ್ಟರು, ಅಷ್ಟೇ.

ಆಮೇಲೆ ಒಂದು ಮದುವೆ. ಇವತ್ತು ಬೇಡ ಅಂತ ಅವರೇ ಮನೆಯಲ್ಲಿ ಹೇಳಿ ಹೊರಟಿದ್ದರು. ಅಲ್ಲಿ ಗೆಳೆಯರು ಬಿಡಬೇಕಲ್ಲ! "ಒಂದು ಪೆಗ್ಗಿಗೆ ಏನಾಗ್ತದೆ ಮಾರಾಯ?" ಒಂದು ಮೂರಾಯಿತು. ಮನೆಗೆ ಬಂದು ಎಂದಿನಂತೆ ರಾತ್ರಿ ಮಾತ್ರೆ ನುಂಗಿ ಮಲಗಿದರು. ನಡುರಾತ್ರಿ ಅವರ ಗೊರಕೆ ಬೇರೆಯೇ ಥರ ಕೇಳಿಸಿತು. ಉಸಿರು ನಿಂತು ನಿಂತು ಬರುತ್ತಿತ್ತು. ಭುಜ ಅಲುಗಾಡಿಸಿದೆ, ಮುಖಕ್ಕೆ ನೀರು ಹಾಕಿದೆ, ಕಣ್ಣು ಬಿಡಲಿಲ್ಲ. ಪಕ್ಕದ ಮನೆಯವರ ಜೀಪಿನಲ್ಲಿ ಮಡಿಕೇರಿಗೆ ಕರೆದುಕೊಂಡು ಹೋದೆವು. ಬದುಕಿದರು.

ಅಲ್ಲಿಯ ವೈದ್ಯರು ನನಗೆ ಬಿಡಿಸಿ ಹೇಳಿದರು. ಮದ್ಯ ಮಿದುಳನ್ನು ಮಂದ ಮಾಡುತ್ತದೆ. ಆ ರಾತ್ರಿ ಮಾತ್ರೆಯೂ ಅದನ್ನೇ ಮಾಡುತ್ತದೆ. ಎರಡೂ ಸೇರಿದರೆ ಉಸಿರೇ ನಿಧಾನವಾಗುತ್ತದೆ. ಖಿನ್ನತೆಯ ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಅಷ್ಟರಲ್ಲಿ ದಿನಾ ಕುಡಿದರೆ ಮನಸ್ಸು ಮತ್ತೆ ಕುಸಿಯುತ್ತದೆ, ನಾವು ಮಾತ್ರೆ ಸರಿಯಿಲ್ಲ ಅಂದುಕೊಳ್ಳುತ್ತೇವೆ. "ಇವತ್ತು ಫಂಕ್ಷನ್ ಇದೆ, ಮಾತ್ರೆ ಬೇಡ" ಅನ್ನುವವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಹಾಗೆ ಬಿಟ್ಟರೆ ತಲೆ ಸುತ್ತು, ಸಿಡುಕು ಬರಬಹುದು, ಕಾಯಿಲೆ ಮರಳಬಹುದು. ಹಾಗಂತ ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಕೈ ನಡುಕ, ಫಿಟ್ಸ್, ಎರಡು ಮೂರು ದಿನದಲ್ಲಿ ಬಡಬಡಿಕೆ ಬರಬಹುದು. ವೈದ್ಯರ ಕೈಕೆಳಗೇ ಬಿಡಬೇಕು. ನಮ್ಮವರೂ ಹಾಗೇ ಬಿಟ್ಟರು. ಕುಡಿತ ಬಿಟ್ಟ ಮೇಲೆ ಬಿಪಿ ಇಳಿಯಿತು, ವೈದ್ಯರು ಅವರ ಬಿಪಿ ಮಾತ್ರೆಯನ್ನೂ ಕಡಿಮೆ ಮಾಡಿದರು.

ವೈದ್ಯರೇ, ಮೆಡಿಕಲ್‌ನವರೇ, ಕುಡಿಯುತ್ತೀರಾ ಅಂತ ದಯವಿಟ್ಟು ಕೇಳಿ. ಅಕ್ಕ ತಂಗಿಯರೇ, ಮರ್ಯಾದೆ ಹೋಗುತ್ತದೆ ಅಂತ ಮುಚ್ಚಿಡಬೇಡಿ. ನಾನು ಮುಚ್ಚಿಟ್ಟೆ. ಯಾರ ಹತ್ತಿರವೂ ಹೇಳಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.

ಮದುವೆ ಮನೆಯವರಲ್ಲಿ ನನ್ನ ಬೇಡಿಕೆ ಒಂದೇ. ಬೇಡ ಅಂದವರನ್ನು ಎರಡನೇ ಸಲ ಕೇಳಬೇಡಿ. ಕಾರಣವನ್ನೂ ಕೇಳಬೇಡಿ. ಹೋದ ಹುತ್ತರಿಗೆ ಕದಿರು ತೆಗೆಯಲು ನಮ್ಮವರೇ ಗದ್ದೆಗೆ ಇಳಿದಿದ್ದರು. ಆಮೇಲೆ ಎಲ್ಲರ ಮಧ್ಯೆ ನಿಂಬೆ ಶರಬತ್ತು ಹಿಡಿದು ಕೂತಿದ್ದರು. ಯಾರೋ ಬಾಟಲಿ ತಂದು ಬಗ್ಗಿಸಲು ಹೋದಾಗ, ಪಕ್ಕದಲ್ಲಿದ್ದವರು ಗ್ಲಾಸಿನ ಮೇಲೆ ತಮ್ಮ ಕೈ ಅಡ್ಡ ಇಟ್ಟು "ಅವನಿಗೆ ಬೇಡ" ಅಂದರು. ಆ ರಾತ್ರಿ ಜೀಪ್ ಓಡಿಸಿದವರು ಅವರೇ.

– ಒಬ್ಬ ಗೃಹಿಣಿ, ಮಾದಾಪುರ, ಕೊಡಗು