ಈ ಭಾನುವಾರದ ಓದು: ಬೆಳಕು ಎಂದರೇನು?

ಎಲ್ಲರಿಗೂ ಶರಣು. ನಮ್ಮ ಕೊಪ್ಪಳ ಓದುಗರ ಬಳಗ ಈ ಭಾನುವಾರ ಸಂಜೆಗೆ ಬದಲು ಬೆಳಿಗ್ಗೆ 10ಕ್ಕೆ ಸೇರುತ್ತದೆ. ಜಾಗ ಅದೇ, ವಾಚನಾಲಯದ ಹಿಂದಿನ ಕೋಣೆ. ಈ ಸಲ ಹೊರಗೆ ಒಳ್ಳೆಯ ಬಿಸಿಲು ಬೇಕು, ಅದಕ್ಕಾಗಿ ಸಮಯ ಬದಲಿಸಿದ್ದೇವೆ.

ಮೊದಲು ಬೃಹದಾರಣ್ಯಕ ಉಪನಿಷತ್ತಿನ ಜನಕ–ಯಾಜ್ಞವಲ್ಕ್ಯರ ಸಂವಾದ. ಮನುಷ್ಯನಿಗೆ ಯಾವುದು ಬೆಳಕು ಎಂದು ಜನಕ ಕೇಳುತ್ತಾನೆ. ಸೂರ್ಯ. ಅವನು ಮುಳುಗಿದರೆ? ಚಂದ್ರ. ಅವನೂ ಇಲ್ಲದಿದ್ದರೆ ಬೆಂಕಿ, ಅದೂ ಆರಿದರೆ ಮಾತು, ಮಾತೂ ನಿಂತರೆ ಆತ್ಮ. ಆ ‘ಮಾತು’ ನನ್ನನ್ನು ಬಹಳ ಕಾಡುತ್ತದೆ. ಕರೆಂಟು ಹೋದ ರಾತ್ರಿ ಅವ್ವನ ದನಿಯ ಜಾಡು ಹಿಡಿದೇ ಅಡುಗೆಮನೆ ಸೇರುತ್ತಿದ್ದೆವಲ್ಲ!

ಆಮೇಲೆ ಕಿಟಕಿಗೆ ಕಪ್ಪು ರಟ್ಟು ಕಟ್ಟಿ ಸಣ್ಣ ತೂತು ಬಿಡುತ್ತೇವೆ. ಹೊರಗಿನ ಬೇವಿನ ಮರ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಹಂಪಿಯ ವಿರೂಪಾಕ್ಷ ಗುಡಿಯೊಳಗೆ ಗೋಪುರ ತಲೆಕೆಳಗಾಗಿ ಕಾಣುವುದೂ ಇದೇ ಕಾರಣಕ್ಕೆ: ಬೆಳಕು ನೇರವಾಗಿ ಸಾಗುತ್ತದೆ, ಹಾಗಾಗಿ ತುದಿಯಿಂದ ಬಂದದ್ದು ತೂತು ದಾಟಿ ಗೋಡೆಯ ಕೆಳಭಾಗಕ್ಕೆ ಬೀಳುತ್ತದೆ. ಆ ಬಿಸಿಲು ಸೂರ್ಯನನ್ನು ಬಿಟ್ಟು ಆಗಲೇ ಸುಮಾರು 8 ನಿಮಿಷ 20 ಸೆಕೆಂಡ್ ಆಗಿರುತ್ತದೆ. ಅಲೆಯೋ ಕಣವೋ ಎಂಬ ಚರ್ಚೆಯನ್ನು ಬೆಳಕು ಕಣಗಳಂತೆಯೂ ವರ್ತಿಸುತ್ತದೆ ಎಂದ ಐನ್‌ಸ್ಟೀನರ 1905ರ ಲೇಖನದಿಂದ ಆರಂಭಿಸೋಣ.

ಒಂದು ವಿನಂತಿ: ಉಪನಿಷತ್ತಿನಲ್ಲಿ ಫೋಟಾನ್ (ಬೆಳಕಿನ ಕಣ) ಹುಡುಕುವುದು ಬೇಡ. ಎರಡೂ ಕೇಳುವ ಪ್ರಶ್ನೆಗಳು ಬೇರೆ, ಎರಡಕ್ಕೂ ನ್ಯಾಯ ಸಲ್ಲಲಿ.

ಕತ್ತಲು ಕೆಡದಂತೆ ಹತ್ತಕ್ಕೆ ಬಾಗಿಲು ಹಾಕುತ್ತೇವೆ. ಹತ್ತು ನಿಮಿಷ ಮೊದಲೇ ಬನ್ನಿ, ಮೊಬೈಲ್ ಆರಿಸಿಡಿ. ಗೋಡೆಗೆ ಕಟ್ಟಲು ಬಿಳಿ ಪಂಚೆ ಯಾರು ತರುತ್ತೀರಿ? ಬರುವವರು, ಮಕ್ಕಳ ಸಂಖ್ಯೆ ಸಮೇತ, ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಮೋಡ ಕವಿದಿದ್ದರೆ ಓದು ಮಾತ್ರ ನಡೆಯುತ್ತದೆ, ಪ್ರಯೋಗ ಮುಂದಿನ ವಾರ.