ಕನ್ನಡ ಒತ್ತಿದರೆ ಮಲಯಾಳ ಪುಟ ಯಾಕೆ?

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ ಇದೆ. ಆನ್‌ಲೈನ್ ಅರ್ಜಿ ತುಂಬಿಸಿ ಕೊಡುತ್ತೇನೆ. ಅದಕ್ಕೂ ಮೊದಲು ಎಂಟು ವರ್ಷ ಬೆಂಗಳೂರಿನಲ್ಲಿ ವೆಬ್‌ಸೈಟ್‌ಗಳ ಡೇಟಾಬೇಸ್, ಅಂದರೆ ಮಾಹಿತಿಯೆಲ್ಲ ಇರುವ ಉಗ್ರಾಣ, ನೋಡಿಕೊಳ್ಳುತ್ತಿದ್ದೆ.

ಕಳೆದ ತಿಂಗಳು ಒಂದು ಅರ್ಜಿಗೆ ಕೊನೆಯ ದಿನ. ಅಂಗಡಿ ಜಗಲಿ ತುಂಬ ಜನ. ಕನ್ನಡ ಶಾಲೆಯಲ್ಲೇ ಓದಿದ ಅಕ್ಕ ಒಬ್ಬರು ಬಂದರು. ಕನ್ನಡ ಅಂತ ಒತ್ತಿದೆ, ಸೂಚನೆಗಳು ಮಲಯಾಳದಲ್ಲಿ ಬಂದವು. ಮತ್ತೆ ಒತ್ತಿದರೂ ಅದೇ. "ಇದ್ರಲ್ಲಿ ಎಂತ ಬರ್ದಿದೆ ಅಣ್ಣಾ?" ಅಂತ ಅವರು ಕೇಳುತ್ತಲೇ ಇದ್ದರು. ಹತ್ತು ನಿಮಿಷ ಬಿಟ್ಟು ನೋಡಿದೆ, ಕನ್ನಡ ಬಂತು. ಆದರೆ ಆಗ ಪಕ್ಕದ ಕಂಪ್ಯೂಟರಿನಲ್ಲಿ ಮಲಯಾಳ ಆರಿಸಿದವರಿಗೂ ಕನ್ನಡವೇ ಕಾಣಿಸಿತು!

ಆಗಲೇ ನನಗೆ ಅನಿಸಿತು, ಇದು ಕ್ಯಾಶ್‌ನ (cache) ತಪ್ಪು, ಅಂದರೆ ಒಮ್ಮೆ ಹುಡುಕಿದ ಉತ್ತರವನ್ನು ತೆಗೆದಿಟ್ಟುಕೊಳ್ಳುವ ಜಾಗದ್ದು. ಜಾತ್ರೆಯ ಊಟದಲ್ಲಿ ಒಂದೊಂದು ಎಲೆಗೂ ಬೇರೆ ಅನ್ನ ಬೇಯಿಸುವುದಿಲ್ಲ, ಅಲ್ವಾ? ಬೇಯಿಸಿಟ್ಟದ್ದನ್ನೇ ಬಡಿಸುತ್ತಾರೆ. ಹಾಗೆಯೇ ಸಾವಿರಾರು ಜನ ಒಂದೇ ಮಾಹಿತಿ ಕೇಳುವಾಗ ಪ್ರತಿ ಸಲ ಡೇಟಾಬೇಸ್‌ನಲ್ಲಿ ಹುಡುಕಿದರೆ ಅದು ಕುಸಿದು ಬೀಳಬಹುದು. ಒಮ್ಮೆ ಸಿಕ್ಕ ಉತ್ತರವನ್ನು ಮೆಮೊರಿಯಲ್ಲಿ ಇಟ್ಟು, ಸ್ವಲ್ಪ ಹೊತ್ತು ಎಲ್ಲರಿಗೂ ಅದನ್ನೇ ಕೊಡಬೇಕು. ಇದು ಹೊಸದೇನೂ ಅಲ್ಲ. ಈ ಕೆಲಸ ಮಾಡುವ ಮೆಮ್‌ಕ್ಯಾಶ್ಡ್ ಎಂಬ ಸಾಫ್ಟ್‌ವೇರ್ 2003ರಲ್ಲೇ ಬಂದಿದೆ, ರೆಡಿಸ್ ಎಂಬುದು 2009ರಲ್ಲಿ. ಕೊನೆಯ ದಿನದ ನೂಕುನುಗ್ಗಲಿನಲ್ಲಿ ಕ್ಯಾಶ್ ಇಲ್ಲದೆ ನಡೆಯುವುದೇ ಇಲ್ಲ. ಹಾಗಾಗಿ ಅದನ್ನು ತೆಗೆದುಹಾಕಿ ಅಂತ ನಾನು ಹೇಳುತ್ತಿಲ್ಲ.

ಮೆಮೊರಿಯಲ್ಲಿ ಇಡುವ ಪ್ರತಿ ಉತ್ತರಕ್ಕೂ ಒಂದು ಹೆಸರು ಬೇಕು, ಅದಕ್ಕೆ ಕೀ ಅನ್ನುತ್ತಾರೆ. ಆ ಹೆಸರಿನಲ್ಲಿ ಯೋಜನೆ, ಜಿಲ್ಲೆ ಮಾತ್ರ ಇದ್ದು ಭಾಷೆ ಇಲ್ಲದಿದ್ದರೆ, ಮೊದಲು ಕೇಳಿದವರ ಭಾಷೆಯೇ, ಆ ಉತ್ತರ ಮೆಮೊರಿಯಲ್ಲಿ ಇರುವಷ್ಟು ಹೊತ್ತು, ಉಳಿದವರಿಗೂ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಆ ಮೊದಲಿನವರು ಹೆಚ್ಚಿನ ಸಲ ಮಲಯಾಳ ಓದುವವರೇ. ಅನುವಾದ ಮಾಡಿಸಿ, ಖರ್ಚು ಮಾಡಿ ಇಟ್ಟ ಕನ್ನಡ ಪುಟ ಸುಮ್ನೆ ಒಳಗೇ ಕೂತಿರುತ್ತದೆ. ಕೀಯಲ್ಲಿ ಭಾಷೆಯನ್ನೂ ಸೇರಿಸಿದರೆ ಸರಿಯಾಗುತ್ತದೆ. ಕೋಡ್‌ನಲ್ಲಿ ಒಂದೆರಡು ಸಾಲಿನ ಕೆಲಸ.

ಭಾಷೆಗಿಂತ ಜಾಸ್ತಿ ನನಗೆ ಹೆದರಿಕೆ ಇನ್ನೊಂದರದ್ದು. ಒಬ್ಬರು ತುಂಬಿಸಿದ ಅರ್ಜಿಯ ವಿವರವನ್ನೂ ಹೀಗೆಯೇ ಅವರ ಗುರುತು ಸೇರಿಸದೆ ಕ್ಯಾಶ್‌ನಲ್ಲಿಟ್ಟರೆ, ಅವರ ಬ್ಯಾಂಕ್ ಖಾತೆ ನಂಬರ್ ಇನ್ಯಾರದೋ ಪರದೆಯಲ್ಲಿ ಕಾಣಬಹುದು. ಅಂಥ ವಿವರವನ್ನು ಎಲ್ಲರಿಗೂ ಹಂಚುವ ಕ್ಯಾಶ್‌ನಲ್ಲಿ ಇಡಲೇಬಾರದು.

ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದ ಜೊತೆ ಕನ್ನಡದಲ್ಲೇ ವ್ಯವಹರಿಸಲು ಅವಕಾಶ ಕೊಟ್ಟಿದೆ. ಈ ಹಕ್ಕು ಕಂಪ್ಯೂಟರಿನ ಪರದೆಯಲ್ಲೂ ಸಿಗಬೇಕು. ಅರ್ಜಿ ತಾಣಗಳನ್ನು ಮಾಡುವವರಲ್ಲಿ ನನ್ನ ಕೋರಿಕೆ ಇಷ್ಟು: ಜನರಿಗೆ ಬಿಡುವ ಮೊದಲು ಒಂದು ಫೋನಿನಲ್ಲಿ ಮಲಯಾಳ, ಇನ್ನೊಂದರಲ್ಲಿ ಕನ್ನಡ ಆರಿಸಿ, ಒಂದೇ ಪುಟವನ್ನು ಒಂದರ ಹಿಂದೆ ಒಂದು ತೆರೆದು ನೋಡಿ. ಐದು ನಿಮಿಷ ಸಾಕು.

– ಒಬ್ಬ ಓದುಗ, ಪೆರ್ಲ, ಕಾಸರಗೋಡು ಜಿಲ್ಲೆ