ಮಗಳಿಗೊಂದು ಪತ್ರ: ಮೂಗಿನ ಮಾಡು, ಮೆದುಳಿನ ನೆಲ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಎಂಬಿಬಿಎಸ್ ಮೊದಲ ವರ್ಷದಲ್ಲಿ ಚೆನ್ನಾಗಿಯೇ ಕಲಿತಿದ್ದ ತಲೆಬುರುಡೆಯ ತಳದ ಮುಂಭಾಗ, ಈಗ ಇಎನ್‌ಟಿ ವಿಭಾಗದ ಥಿಯೇಟರಿನಲ್ಲಿ ಪರದೆಯ ಮೇಲೆ ಗುರುತೇ ಸಿಗುತ್ತಿಲ್ಲ ಎಂದು ಬರೆದಿದ್ದೀಯೆ. ಅಂದು ನೀನು ಮೆದುಳನ್ನು ಹೊರತೆಗೆದ ಬುರುಡೆಯನ್ನು ಮೇಲಿನಿಂದ ನೋಡಿದ್ದೆ. ಇಂದು ಎಂಡೋಸ್ಕೋಪು ಅದೇ ಮೂಳೆಯನ್ನು ಮೂಗಿನ ಒಳಗಿನಿಂದ, ಕೆಳಗಿನಿಂದ ತೋರಿಸುತ್ತಿದೆ. ಮೆದುಳಿಗೆ ನೆಲವಾಗಿರುವುದೇ ಮೂಗಿಗೆ ಮಾಡು, ಅಂದರೆ ಚಾವಣಿ. ಈ ಎರಡು ನೋಟಗಳು ನಿನ್ನ ಮನಸ್ಸಿನಲ್ಲಿ ಒಂದಾಗುವವರೆಗೆ ಉಪಕರಣವನ್ನು ಕೈಗೆತ್ತಿಕೊಳ್ಳುವ ಅವಸರ ಬೇಡ.

ಮೂಳೆಗಳ ವಿವರ ನಿನಗೆ ಗೊತ್ತಿರುವುದೇ. ಎರಡು ಬದಿಗಳಲ್ಲಿ ಕಣ್ಣುಗೂಡಿನ ಮೇಲ್ಭಾಗವಾಗಿ ಹರಡಿರುವ ಫ್ರಾಂಟಲ್ ಮೂಳೆಯ ಫಲಕಗಳು, ನಡುವೆ ಎತ್ಮಾಯ್ಡ್ ಮೂಳೆಯ ಜರಡಿಯಂಥ ಫಲಕವಾದ ಕ್ರಿಬ್ರಿಫಾರ್ಮ್ ಪ್ಲೇಟ್, ಹಿಂದೆ ಸ್ಫೀನಾಯ್ಡ್ ಮೂಳೆಯ ಸಮತಟ್ಟಾದ ಭಾಗ ಮತ್ತು ಅದರ ಚಿಕ್ಕ ರೆಕ್ಕೆಗಳು. ನಿನ್ನ ಪೆಟ್ಟಿಗೆಯಲ್ಲಿರುವ ಒಣ ಬುರುಡೆಯನ್ನು ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡು. ಕಣ್ಣುಗೂಡಿನ ಮೇಲಿನ ಫಲಕ ಕೆಲವೆಡೆ ಎಷ್ಟು ತೆಳುವಾಗಿದೆಯೆಂದರೆ ಬೆಳಕು ಅದರ ಮೂಲಕ ನಸುಗೆಂಪಾಗಿ ಹಾಯುತ್ತದೆ. ನಡುವೆ ಕ್ರಿಸ್ಟಾ ಗ್ಯಾಲಿ ಎಂಬ ಏಣು ಎದ್ದು ನಿಂತಿದೆ. ಮೆದುಳಿನ ಎರಡು ಅರೆಗೋಳಗಳ ನಡುವಿನ ಪೊರೆ ಅಂಟಿಕೊಳ್ಳುವುದು ಅಲ್ಲಿ. ಅದರ ಎಡಬಲಗಳಲ್ಲಿರುವ ಕಿರಿದಾದ ಕಾಲುವೆಗಳಲ್ಲಿ ಸಣ್ಣ ರಂಧ್ರಗಳು ಕಾಣುತ್ತವೆ, ವಾಸನೆಯ ನರದ ಎಳೆಗಳು ಮೂಗಿನಿಂದ ಮೇಲಕ್ಕೇರುವುದು ಆ ರಂಧ್ರಗಳ ಮೂಲಕವೇ. ಮಲ್ಲಿಗೆಯ ಪರಿಮಳವಾಗಲಿ ಸೀದ ಹಾಲಿನ ವಾಸನೆಯಾಗಲಿ ಮೆದುಳನ್ನು ತಲುಪಲು ಬೇರೆ ದಾರಿಯಿಲ್ಲ.

ಈ ಕಾಲುವೆಯ ಹೊರಬದಿಯ ಗೋಡೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಇಡೀ ಪ್ರದೇಶದಲ್ಲಿ ನಾನು ಅತಿ ಹೆಚ್ಚು ಹೆದರುವುದು, ಗೌರವಿಸುವುದು ಅದನ್ನೇ. ಲ್ಯಾಟರಲ್ ಲಮೆಲ್ಲಾ ಎಂದು ಕರೆಯುವ ಈ ಗೋಡೆ ತಗ್ಗಿನಲ್ಲಿರುವ ಕ್ರಿಬ್ರಿಫಾರ್ಮ್ ಪ್ಲೇಟನ್ನು ಎತ್ತರದಲ್ಲಿರುವ ಎತ್ಮಾಯ್ಡ್ ಮಾಡಿಗೆ ಜೋಡಿಸುತ್ತದೆ. ಎತ್ಮಾಯ್ಡ್ ಮಾಡು ಸುಮಾರು 0.5 ಮಿಲಿಮೀಟರ್ ದಪ್ಪವಿದ್ದರೆ, ಈ ಗೋಡೆ 0.2 ಮಿಲಿಮೀಟರ್‌ಗಿಂತ ಹೆಚ್ಚಿರುವುದಿಲ್ಲ; ಮುಂಭಾಗದ ಎತ್ಮಾಯ್ಡ್ ರಕ್ತನಾಳ ಹಾಯುವ ಜಾಗದಲ್ಲಿ ಅದು 0.05 ಮಿಲಿಮೀಟರ್‌ನಷ್ಟೇ ಇರಬಹುದು. ಅಂಗರಚನಾ ತಜ್ಞ ಕೆರೋಸ್ ಅವರು 1962ರಲ್ಲಿ ವಾಸನೆಯ ಕಾಲುವೆಯ ಆಳವನ್ನು ಮೂರು ಬಗೆಯಾಗಿ ವಿಂಗಡಿಸಿದರು: 1ರಿಂದ 3 ಮಿಲಿಮೀಟರ್, 4ರಿಂದ 7 ಮಿಲಿಮೀಟರ್, 8ರಿಂದ 16 ಮಿಲಿಮೀಟರ್. ಕಾಲುವೆ ಆಳವಾದಷ್ಟೂ ತೆಳುವಾದ ಗೋಡೆ ಉದ್ದಕ್ಕೆ ಬಯಲಾಗಿ ನಿಲ್ಲುತ್ತದೆ, ನಿನ್ನ ಫೋರ್ಸೆಪ್ಸ್ ಒಳಬದಿಗೆ ಕೊಂಚ ವಾಲಿದರೂ ಅದಕ್ಕೇ ತಾಗುತ್ತದೆ. ಪರೀಕ್ಷೆಗಾಗಿ ಈ ಅಂಕಿಗಳನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಆದರೆ ಒಬ್ಬನೇ ರೋಗಿಯಲ್ಲಿ ಎಡಗಡೆಯ ಆಳ ಒಂದು, ಬಲಗಡೆಯದು ಇನ್ನೊಂದು ಇರುವುದುಂಟು. ಎಡಗಡೆಯನ್ನು ಸುಸೂತ್ರವಾಗಿ ಮುಗಿಸಿದ ಕೈ, ಅದೇ ಎತ್ತರವಿದೆ ಎಂಬ ನಂಬಿಕೆಯಿಂದ ಬಲಗಡೆಗೆ ಹೋಗಬಾರದು. ಆದ್ದರಿಂದ ಪ್ರತಿ ರೋಗಿಯ ಸಿಟಿ ಸ್ಕ್ಯಾನಿನ ಕೊರೋನಲ್ ಚಿತ್ರಗಳನ್ನು (ಮುಖಕ್ಕೆ ಸಮಾನಾಂತರವಾದ ಸೀಳುನೋಟಗಳನ್ನು) ಮುಂದಿನಿಂದ ಹಿಂದಿನವರೆಗೆ ಒಂದೊಂದಾಗಿ ನೋಡು, ಎರಡೂ ಬದಿಯ ಆಳವನ್ನು ಬೇರೆಬೇರೆಯಾಗಿ ಬರೆದಿಡು.

ಅದೇ ಚಿತ್ರಗಳಲ್ಲಿ ಮುಂಭಾಗದ ಎತ್ಮಾಯ್ಡ್ ರಕ್ತನಾಳವನ್ನೂ ಹುಡುಕು. ಕಣ್ಣುಗೂಡಿನ ಒಳಗೋಡೆಯಲ್ಲಿ, ಕಣ್ಣನ್ನು ಹೊರಳಿಸುವ ಮೀಡಿಯಲ್ ರೆಕ್ಟಸ್ ಮತ್ತು ಸುಪೀರಿಯರ್ ಆಬ್ಲೀಕ್ ಸ್ನಾಯುಗಳ ನಡುವೆ ಒಂದು ಚೂಪಾದ ತುದಿ ಕಾಣುತ್ತದೆ. ರಕ್ತನಾಳ ಕಣ್ಣುಗೂಡನ್ನು ಬಿಟ್ಟು ಹೊರಡುವುದು ಅಲ್ಲಿಂದ. ಕೆಲವರಲ್ಲಿ ಅದು ಮಾಡಿಗೆ ಅಂಟಿಕೊಂಡಿರದೆ ಕೆಳಗೆ ತೂಗಿಕೊಂಡಿರುತ್ತದೆ. ಅಂಥ ನಾಳ ತುಂಡಾಗಿ ಕಣ್ಣುಗೂಡಿನೊಳಗೆ ಸರಿದುಕೊಂಡರೆ ಅಲ್ಲಿ ರಕ್ತ ತುಂಬಿ, ಒತ್ತಡ ಏರಿ, ಬೇಗನೆ ಇಳಿಸದಿದ್ದರೆ ದೃಷ್ಟಿಯೇ ಹೋಗಬಹುದು.

ವಾಸನೆಯ ಕಾಲುವೆಯ ಆ ತೆಳು ಗೋಡೆ ಒಡೆದಾಗ ಏನಾಗುತ್ತದೆಂಬುದನ್ನು ಅಪಘಾತಗಳು ನಮಗೆ ತೋರಿಸಿಕೊಟ್ಟಿವೆ. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದಿದ್ದ ಯುವಕನೊಬ್ಬ, ಗಾಯಗಳೆಲ್ಲ ಮಾಗಿದ ಎಷ್ಟೋ ದಿನಗಳ ಮೇಲೆ ನನ್ನ ಬಳಿಗೆ ಬಂದಿದ್ದ. ಶೂ ಲೇಸ್ ಕಟ್ಟಲು ಬಗ್ಗಿದಾಗಲೆಲ್ಲ ಬಲ ಮೂಗಿನ ಹೊಳ್ಳೆಯಿಂದ ಮಾತ್ರ ನೀರು ತೊಟ್ಟಿಕ್ಕುತ್ತದೆ, ಗಂಟಲಲ್ಲಿ ಉಪ್ಪುಪ್ಪಾಗುತ್ತದೆ ಎಂದ. ಅವನನ್ನು ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿಸಿ ಕುಳ್ಳಿರಿಸಿದಾಗ, ತಿಳಿಯಾದ, ಲೋಳೆಯಿಲ್ಲದ ಹನಿ ಒಂದೊಂದಾಗಿ ಬಾಟಲಿಗೆ ಬಿತ್ತು. ಶೀತವಾದರೆ ಎರಡೂ ಹೊಳ್ಳೆ ಸೋರುತ್ತವೆ, ಕರವಸ್ತ್ರ ಒಣಗಿದ ಮೇಲೆ ಗರಿಗರಿಯಾಗುತ್ತದೆ, ಇಲ್ಲಿ ಹಾಗಿರಲಿಲ್ಲ. ಮೂಗಿನ ಸಿಂಬಳದಲ್ಲಿ ಇರದ ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಆ ದ್ರವದಲ್ಲಿ ಸಿಕ್ಕಿತು. ಅದು ಮೆದುಳನ್ನು ಸುತ್ತುವರಿದ ದ್ರವವೆಂದು ಖಚಿತವಾಯಿತು. ಪೆಟ್ಟಿನಿಂದಾದ ಇಂಥ ಸೋರಿಕೆ ಬಹುಪಾಲು ರೋಗಿಗಳಲ್ಲಿ ವಿಶ್ರಾಂತಿಯಿಂದಲೇ ನಿಲ್ಲುತ್ತದೆ. ನಿಲ್ಲದಿದ್ದರೆ ಮುಚ್ಚಲೇಬೇಕು, ಏಕೆಂದರೆ ದ್ರವ ಹೊರಬರುವ ದಾರಿಯಲ್ಲೇ ರೋಗಾಣುಗಳು ಒಳಹೊಕ್ಕು ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಗಳ ಉರಿಯೂತ, ತರುತ್ತವೆ. ಮುಖಕ್ಕೆ ಪೆಟ್ಟಾಗಿ ಎರಡೂ ಕಣ್ಣಿನ ಸುತ್ತ ಕಪ್ಪುಗಟ್ಟಿದ ರೋಗಿ ಕ್ಯಾಶುವಾಲಿಟಿಗೆ ಬಂದರೆ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬನ್ನು ಮೂಗಿನ ಮೂಲಕ ಹಾಕಲು ಯಾರಿಗೂ ಬಿಡಬೇಡ, ಬಾಯಿಯ ಮೂಲಕ ಹಾಕಿಸು. ಮುರಿದ ಮಾಡಿನ ಮೂಲಕ ಟ್ಯೂಬು ಮೆದುಳಿನೊಳಗೇ ಹೋದ ಉದಾಹರಣೆಗಳಿವೆ.

ವಾಸನೆ ತಿಳಿಯುತ್ತಿಲ್ಲ ಎಂದು ಬರುವವರನ್ನೂ ಹಗುರವಾಗಿ ಕಾಣಬೇಡ. ವಾಸನೆಯ ಕಾಲುವೆಯ ಮೇಲೆ, ಮೆದುಳಿನ ಪೊರೆಯಿಂದ ಹುಟ್ಟುವ ಮೆನಿಂಜಿಯೋಮಾ ಗಡ್ಡೆ ಸದ್ದಿಲ್ಲದೆ ವರ್ಷಗಟ್ಟಲೆ ಬೆಳೆದು, ಮೊದಲು ವಾಸನೆಯನ್ನು, ಆಮೇಲೆ ದೃಷ್ಟಿಯನ್ನು ಕಸಿಯಬಲ್ಲದು. 2021ರಲ್ಲಿ ಕೋವಿಡ್ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರ ರೋಗವೂ ಮೂಗಿನಿಂದ ಸೈನಸ್‌ಗೆ, ಅಲ್ಲಿಂದ ಕಣ್ಣುಗೂಡಿಗೆ, ಕೆಲವರಲ್ಲಿ ಮೆದುಳಿಗೆ ಏರಿದ್ದನ್ನು ಕರ್ನಾಟಕದ ವಾರ್ಡುಗಳಲ್ಲಿ ನಾವೆಲ್ಲ ಕಂಡೆವು.

ಕೊನೆಯಲ್ಲಿ ನೀನು ಕೇಳಿದ್ದ ಫ್ಲ್ಯಾಪಿನ ವಿಷಯ. 1926ರಲ್ಲಿ ನರಶಸ್ತ್ರಚಿಕಿತ್ಸಕ ವಾಲ್ಟರ್ ಡ್ಯಾಂಡಿ ಆ ಯುವಕನಿಗಿದ್ದಂಥ ದ್ರವದ ಸೋರಿಕೆಯನ್ನು ತಲೆಬುರುಡೆ ತೆರೆದು ಮುಚ್ಚಿದ್ದರು. 1981ರಲ್ಲಿ ಇಎನ್‌ಟಿ ತಜ್ಞ ವೀಗಾಂಡ್ ಎಂಡೋಸ್ಕೋಪಿನಿಂದ ಅದನ್ನು ಸಾಧಿಸಿದರು. ದೊಡ್ಡ ರಂಧ್ರಗಳ ಮಟ್ಟಿಗೆ ನಿಜವಾದ ಬದಲಾವಣೆ ಬಂದದ್ದು 2006ರಲ್ಲಿ ಪ್ರಕಟವಾದ ಹಡಾಡ್–ಬಸ್ಸಾಗಾಸ್ಟೆಗಿ ಫ್ಲ್ಯಾಪಿನಿಂದ ಎಂಬುದು ನನ್ನ ಅಭಿಪ್ರಾಯ. ಮೂಗಿನ ನಡುಗೋಡೆಯ ಲೋಳೆಪೊರೆಯನ್ನು ಅದರ ರಕ್ತನಾಳದ ಸಮೇತ ಎತ್ತಿ ತಿರುಗಿಸಿ ರಂಧ್ರದ ಮೇಲೆ ಹೊದಿಸುತ್ತಾರೆ, ಜೀವಂತ ಪೊರೆಯಾದ್ದರಿಂದ ಅದು ಬೇಗ ಕೂಡಿಕೊಳ್ಳುತ್ತದೆ. ಆ ರಕ್ತನಾಳ ಸ್ಫೀನಾಯ್ಡ್ ಸೈನಸ್ಸಿನ ಬಾಯಿಗೂ ಅದರ ಕೆಳಗಿರುವ ಕೋಯನಾದ (ಮೂಗು ಗಂಟಲಿಗೆ ತೆರೆಯುವ ಹಿಂಬಾಗಿಲಿನ) ಅಂಚಿಗೂ ನಡುವೆ ಹಾಯುತ್ತದೆ. ಆದ್ದರಿಂದ ಮುಂದೆ ಫ್ಲ್ಯಾಪ್ ಬೇಕಾಗಬಹುದು ಎನಿಸುವ ರೋಗಿಯಲ್ಲಿ ಸ್ಫೀನಾಯ್ಡ್ ಬಾಯಿಯನ್ನು ಕೆಳಮುಖವಾಗಿ ಅಗಲಿಸುವ ಮೊದಲು ನಿನ್ನ ಪ್ರೊಫೆಸರರನ್ನು ಕೇಳು.

ಇಂತಿ,
ನಿನ್ನ ಅಮ್ಮ